ಬಸ್ಸಮ್ಮನ ಹಿಂದಿನ ಸೀಟು

ನಮ್ಮಕ್ಕನಿಗೆ ಒಂದು ಚಾಳಿಯಿದೆ. ಗಾಡಿ ನಿಲ್ಲಿಸಿ ಎಂಜಿನ್ ಆರಿಸಿದ ಮೇಲೆ ನೇರವಾಗಿ ಇಳಿಯುವುದಿಲ್ಲ. ಎದ್ದು ಗಾಡಿಯ ಕೊನೆಯವರೆಗೆ ನಡೆದು, ಎಡಕ್ಕೂ ಬಲಕ್ಕೂ ಕೈಯಿಟ್ಟು ನೋಡಿ, ಹಿಂದಿನ ಉದ್ದ ಸೀಟಿನ ಕೆಳಗೆ ಬಗ್ಗಿ, "ಖಾಲಿ" ಎಂದು ಗಟ್ಟಿಯಾಗಿ ಹೇಳಿ ಆಮೇಲೆ ಇಳಿಯುತ್ತಾಳೆ. ಮೂವತ್ತಮೂರು ವರ್ಷ ಶಾಲೆಯ ಬಸ್ಸು ಓಡಿಸಿದವಳು. ಮಕ್ಕಳು ಬಸ್ಸಮ್ಮ ಎಂದು ಹೆಸರಿಟ್ಟಿದ್ದರು, ಆ ಮಕ್ಕಳ ಮಕ್ಕಳೂ ಹಾಗೇ ಕರೆದರು. ಕೆಲಸ ಬಿಟ್ಟು ಎರಡು ವರ್ಷವಾದರೂ ಚಾಳಿ ಬಿಟ್ಟಿಲ್ಲ. ಈಗ ಗಾಡಿಯಲ್ಲಿ ಇರುವುದೇ ನಾವಿಬ್ಬರು, ಅದರಲ್ಲೂ ನಾನು ಅವಳ ಪಕ್ಕದಲ್ಲೇ ಬಿಸ್ಕತ್ತು ತಿನ್ನುತ್ತಾ ಕೂತಿರುತ್ತೇನೆ.

"ಅಕ್ಕಾ, ಯಾರನ್ನ ಹುಡುಕ್ತಿದ್ದೀಯ? ನಾನು ಇಲ್ಲೇ ಇದ್ದೀನಲ್ಲ" ಎಂದರೆ, "ನೀನೆಲ್ಲಿ ಕಳೆದುಹೋಗ್ತೀಯ, ನಿನ್ನ ಬಾಯಿ ಎರಡು ಬೀದಿ ಆಚೆಗೂ ಕೇಳುತ್ತೆ" ಎನ್ನುತ್ತಾಳೆ.

ಗಾಡಿ ಎಂದೆನಲ್ಲ, ಅದು ಶಾಲೆಯವರು ಹಳತಾಯಿತೆಂದು ತೆಗೆದುಹಾಕಿದ ಸಣ್ಣ ಬಸ್ಸು. ಕೊನೆಯ ಒಂಬತ್ತು ವರ್ಷ ಅವಳೇ ಓಡಿಸಿದ್ದು. ಬೇರೆಯವರು ಕೆಲಸ ಬಿಡುವಾಗ ಗೋಡೆ ಗಡಿಯಾರ ತರುತ್ತಾರೆ, ಇವಳು ಬಸ್ಸನ್ನೇ ಮನೆಗೆ ತಂದಳು. ಬಡಗಿಯನ್ನು ಕರೆಸಿ ಸೀಟುಗಳನ್ನು ಕೀಳಿಸಿ, ಒಂದು ಬದಿಗೆ ಮಂಚ, ಇನ್ನೊಂದು ಬದಿಗೆ ಗ್ಯಾಸ್ ಒಲೆ, ಅಂಗೈಯಗಲದ ಸಿಂಕು, ನೀರಿನ ಡ್ರಮ್ಮು, ಮಡಚುವ ಮೇಜು ಎಲ್ಲ ಮಾಡಿಸಿದಳು. ನಾನು ದರ್ಜಿ ಕೆಲಸದವಳು. ಹದಿನಾಲ್ಕು ಕಿಟಕಿಗೆ ಅಳತೆ ತೆಗೆದು, ಮೇಲೂ ಕೆಳಗೂ ಎಲಾಸ್ಟಿಕ್ ಹಾಕಿ ಪರದೆ ಹೊಲಿದುಕೊಟ್ಟೆ. ಬಡಗಿ ತೀರ ಹಿಂದಿನ ಉದ್ದ ಸೀಟಿಗೆ ಕೈ ಹಾಕಿದಾಗ ಮಾತ್ರ ಅಕ್ಕ "ಅದೊಂದು ಮುಟ್ಟಬೇಡಪ್ಪ" ಎಂದಳು. ಅಲ್ಲಿ ಒಳ್ಳೆ ಕಪಾಟು ಮಾಡಬಹುದು ಎಂದು ಅವನು ಎಷ್ಟು ಹೇಳಿದರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಹಾಗಾಗಿ ಅದು ನನ್ನ ಹಾಸಿಗೆಯಾಯಿತು. ಬಣ್ಣವನ್ನೂ ಬದಲಾಯಿಸಲಿಲ್ಲ, ಅದೇ ಶಾಲೆಯ ಹಳದಿ.

ಅಕ್ಕನ ಮಗ ಲಿಫ್ಟುಗಳ ತಪಾಸಣೆ ಮಾಡುವವನು. ಎತ್ತರದ ಕಟ್ಟಡಗಳಲ್ಲಿ ತಂತಿಹಗ್ಗ, ಬ್ರೇಕು, ಬಾಗಿಲು ಎಲ್ಲ ನೋಡಿ, ಸರಿಯಿದೆ ಎಂದು ಚೀಟಿ ಅಂಟಿಸುವುದು ಅವನ ಕೆಲಸ. ಆ ಕೆಲಸ ಮಾಡಿ ಮಾಡಿ ಅವನ ಕಣ್ಣಿಗೆ ಲೋಕದಲ್ಲಿರುವುದೆಲ್ಲ ಇನ್ನೇನು ಕೆಳಗೆ ಬೀಳುವಂತೆಯೇ ಕಾಣುತ್ತದೆ. ಹೋದ ವರ್ಷ ಅಕ್ಕ ಮನೆಯ ಮುಂದೆ ಗಾಡಿಯನ್ನು ರಿವರ್ಸ್ ತೆಗೆಯುವಾಗ ಪಕ್ಕದವರ ಕಾಂಪೌಂಡಿಗೆ ತಗುಲಿಸಿದಳು. ನಾಲ್ಕು ಇಟ್ಟಿಗೆ ಉದುರಿದವು. ಆ ಕಾಂಪೌಂಡು ಹಿಂದಿನ ವಾರವಷ್ಟೇ ಒಂದು ಅಡಿ ಮುಂದೆ ಬಂದಿತ್ತು ಎಂದು ನಾನು ಸಾಕ್ಷಿ ಹೇಳಿದೆ. ನನ್ನ ಸಾಕ್ಷಿಗೆ ಆ ಮನೆಯಲ್ಲಿ ಯಾವತ್ತೂ ಬೆಲೆಯಿಲ್ಲ.

"ಅಮ್ಮ, ಸಾಕು. ನಿನಗೆ ಅರವತ್ತಾರಾಯ್ತು. ದೂರ ಎಷ್ಟು, ಹತ್ತಿರ ಎಷ್ಟು ಅಂತ ಅಂದಾಜೇ ಸಿಗ್ತಿಲ್ಲ. ಗಾಡಿ ಮಾರಿಬಿಡೋಣ" ಎಂದ ಅವನು.

"ಮಾರೋ ಮಾತು ಆಮೇಲೆ. ಮೊದಲು ಒಂದು ಸಲ ಓಡಿಸಿ ತೋರಿಸ್ತೀನಿ."

"ಎಲ್ಲಿಗೆ?"

"ಕರಾವಳಿ ಉದ್ದಕ್ಕೂ. ದಕ್ಷಿಣದ ತುದಿಯಿಂದ ಉತ್ತರದ ದೀಪಸ್ತಂಭದ ತನಕ."

ಸಾವಿರದ ನಾನೂರು ಕಿಲೋಮೀಟರು. ಅದೂ ವರ್ಷಕ್ಕೆರಡು ಚಂಡಮಾರುತ ಬಂದು ಬಡಿಯುವ ದಂಡೆ. ಮಗನ ಮುಖ ಸುಣ್ಣ ಬಳಿದ ಹಾಗಾಯಿತು. ವಾದ, ಊಟ ಬಿಡುವುದು, ಮುಖ ತಿರುಗಿಸಿ ಕೂರುವುದು ಎಲ್ಲ ಆದ ಮೇಲೆ ಅವನು ಒಂದು ಷರತ್ತು ಹಾಕಿದ. ಹೊರಟ ಮೇಲೆ ಯಾವುದೇ ಕಾರಣಕ್ಕೆ ಒಂದೇ ಒಂದು ಸಲ ಗಾಡಿ ಹಿಂದಕ್ಕೆ ತಿರುಗಿಸಿದರೂ ಕೀಲಿ ಅವನ ಕೈಗೆ, ಗಾಡಿ ಮಾರಾಟಕ್ಕೆ. ಅಕ್ಕ "ಆಗಲಿ" ಎಂದು ಭಾಷೆ ಕೊಟ್ಟಳು. ಅವನು ನನ್ನ ಫೋನಿಗೆ ಏನೋ ಹಾಕಿ, ನಾವಿರುವ ಜಾಗ ಅವನ ಫೋನಿನಲ್ಲಿ ನೀಲಿ ಚುಕ್ಕೆಯಾಗಿ ಕಾಣುವಂತೆ ಮಾಡಿಕೊಂಡ. ಇಬ್ಬರ ನಡುವೆ ಮೂರನೆಯವಳಾದ ನನ್ನನ್ನು ಯಾರೂ ಏನೂ ಕೇಳಲಿಲ್ಲ. ಅಕ್ಕ ಬಂದು "ನಿನ್ನ ಮೊಣಕಾಲಿನ ಎಣ್ಣೆ ಮರೀಬೇಡ" ಎಂದಳು, ಅಲ್ಲಿಗೆ ನಾನೂ ಹೊರಟ ಹಾಗಾಯಿತು.

ಮೊದಲ ಐದು ದಿನ ನಾವು ರಾಣಿಯರ ಹಾಗೆ ಹೋದೆವು. ಎಡಗಡೆ ಸಮುದ್ರ, ಬಲಗಡೆ ಉಪ್ಪಿನ ಗದ್ದೆ. ಬೆಳಿಗ್ಗೆ ಬಾಗಿಲು ತೆಗೆದು ಮೆಟ್ಟಿಲ ಮೇಲೆ ಕೂತು ಟೀ ಕುಡಿದರೆ ಅಲೆಗಳು ನಮಗೋಸ್ಕರವೇ ಬರುತ್ತಿವೆ ಎನ್ನಿಸುತ್ತಿತ್ತು. ಹಳದಿ ಬಣ್ಣ ನೋಡಿ ಬಸ್ ನಿಲ್ದಾಣಗಳಲ್ಲಿ ಜನ ಕೈ ತೋರಿಸುತ್ತಿದ್ದರು. ಅಕ್ಕನ ಕಾಲು ತಾನಾಗಿಯೇ ಬ್ರೇಕಿನ ಮೇಲೆ ಹೋಗುತ್ತಿತ್ತು, ಮಡಚುವ ಬಾಗಿಲು ಪಟಪಟ ತೆರೆದುಕೊಳ್ಳುತ್ತಿತ್ತು. ಒಬ್ಬ ಟಪಾಲಿನವನು ಹತ್ತಿ, ಒಲೆಯ ಮೇಲಿನ ಆಲೂಗಡ್ಡೆ ನೋಡಿ, "ಇದು ಯಾವ ರೂಟು?" ಎಂದು ಕೇಳಿದ. ಅಕ್ಕ ಅವನನ್ನು ಮುಂದಿನ ಊರಿನವರೆಗೆ ಕರೆದುಕೊಂಡೇ ಹೋದಳು. ರೈಲ್ವೆ ಗೇಟು ಬಂದರೆ, ಗೇಟು ತೆರೆದಿದ್ದರೂ ನಿಲ್ಲಿಸಿ, ಬಾಗಿಲು ತೆಗೆದು, ಎರಡೂ ಕಡೆ ಕಿವಿಗೊಟ್ಟು ಕೇಳಿಯೇ ದಾಟುವುದು. ಹಿಂದಿನಿಂದ ಲಾರಿಯವರು ಹಾರ್ನ್ ಹೊಡೆದು ಹೊಡೆದು ಸುಸ್ತಾಗುತ್ತಿದ್ದರು. ನನಗೆ ನಾಚಿಕೆಯಾಗುತ್ತಿತ್ತು, ಅವಳಿಗೆ ಏನೂ ಇಲ್ಲ.

ಆರನೆಯ ದಿನದ ಊರುಗಳಲ್ಲಿ ಗೋಡೆಗಳ ಮೇಲೆ ಗೆರೆಗಳು ಕಾಣತೊಡಗಿದವು. ಯಾವ ಚಂಡಮಾರುತಕ್ಕೆ ನೀರು ಎಷ್ಟೆತ್ತರ ಬಂದಿತ್ತು ಎಂದು ಬಣ್ಣದಲ್ಲಿ ಗೆರೆ ಎಳೆದು ಪಕ್ಕದಲ್ಲಿ ವರ್ಷ ಬರೆದಿದ್ದರು. ಟೀ ಅಂಗಡಿಯೊಂದರಲ್ಲಿ ಕೂತಿದ್ದಾಗ ನನ್ನ ತಲೆಯ ಮೇಲೆ ಒಂದು ಗೆರೆ ಇತ್ತು. ಅದನ್ನು ನೋಡಿದ ಮೇಲೆ ನನಗೆ ಟೀ ಇಳಿಯಲಿಲ್ಲ. ಅಂಗಡಿಯವನು ಆಗಲೇ ಕಿಟಕಿಗಳಿಗೆ ಹಲಗೆ ಹೊಡೆಯುತ್ತಿದ್ದ.

"ನಾಳೆ ಬರುತ್ತಂತೆ" ಎಂದ, ನೆಂಟರು ಬರುತ್ತಾರೆ ಎನ್ನುವ ಹಾಗೆ.

ಆ ಸಂಜೆ ನಾವು ತಂಗಿದ್ದು ಸಮುದ್ರಕ್ಕೆ ತೀರ ಹತ್ತಿರದ ಒಂದು ಕ್ಯಾಂಪಿನ ಮೈದಾನದಲ್ಲಿ. ನಮ್ಮದೂ ಸೇರಿ ಮನೆ ಹೊತ್ತು ತಿರುಗುವ ಹನ್ನೆರಡು ಗಾಡಿಗಳಿದ್ದವು. ಮೈದಾನದ ಮೇಲ್ವಿಚಾರಕ ಎಲ್ಲರನ್ನೂ ಒಂದು ಮಾಡಿನ ಕೆಳಗೆ ಸೇರಿಸಿ, ಮುಂದಿನ ಹೊಳೆಯ ಸೇತುವೆ ಗಾಳಿ ಜೋರೆಂದು ಮುಚ್ಚಿದ್ದಾರೆ, ಬೆಳಿಗ್ಗೆ ಹತ್ತರೊಳಗೆ ಎಲ್ಲರೂ ಜಾಗ ಖಾಲಿ ಮಾಡಬೇಕು, ಆರು ಕಿಲೋಮೀಟರು ಮುಂದೆ ದಿಬ್ಬದ ಮೇಲೆ ಶಾಲೆಯೊಂದಿದೆ, ಅಲ್ಲಿಗೆ ಹೋಗಿ ಎಂದು ಹೇಳಿದ. ಅವನು ಹೇಳುತ್ತಿದ್ದಷ್ಟು ಹೊತ್ತೂ ಅಕ್ಕನ ತುಟಿ ಅಲ್ಲಾಡುತ್ತಿತ್ತು. ಪ್ರಾರ್ಥನೆ ಮಾಡುತ್ತಿದ್ದಾಳೆ ಎಂದುಕೊಂಡೆ.

"ಮೂವತ್ತೆಂಟು" ಎಂದಳು ಕೊನೆಗೆ.

ತಲೆ ಎಣಿಸುತ್ತಿದ್ದಳು, ಪುಣ್ಯಾತ್ಗಿತ್ತಿ.

ನಮ್ಮ ಪಕ್ಕದಲ್ಲಿ ಅಣ್ಣತಮ್ಮಂದಿರ ಎರಡು ಗಾಡಿಗಳಿದ್ದವು, ಜೊತೆಗೆ ಅವರ ಮುದಿ ತಾಯಿ. ಅಣ್ಣ ಗುಡಾರದ ಹಗ್ಗವನ್ನು ತಮ್ಮನ ಬಾಗಿಲಿಗೆ ಅಡ್ಡವಾಗಿ ಕಟ್ಟಿದನಂತೆ, ತಮ್ಮ ಎಡವಿದನಂತೆ. ಅಷ್ಟಕ್ಕೇ ಮಾತು ಬಿಟ್ಟಿದ್ದರು. ಎರಡೂ ಗಾಡಿಯ ಹೆಂಗಸರು ಮೂಗು ಮುರಿದುಕೊಂಡು ಓಡಾಡುತ್ತಿದ್ದರು. ಅಜ್ಜಿಗೆ ಕಿವಿ ಕೇಳಿಸುತ್ತಿರಲಿಲ್ಲ, ಆದ್ದರಿಂದ ಅವರೊಬ್ಬರೇ ನೆಮ್ಮದಿಯಾಗಿದ್ದರು.

ಬೆಳಿಗ್ಗೆ ಆಕಾಶ ತಗಡಿನ ಬಣ್ಣಕ್ಕೆ ತಿರುಗಿತ್ತು. ಹೊರಡುವ ಗಡಿಬಿಡಿಯಲ್ಲಿ ಎಲ್ಲರೂ ಹಗ್ಗ ಬಿಚ್ಚುವುದು, ಕುರ್ಚಿ ಮಡಚುವುದು, ಮಕ್ಕಳನ್ನು ಬೈಯುವುದು. ಅಕ್ಕ ಹೊರಡುವ ಮುಂಚೆಯೂ ಒಲೆ, ಸಿಲಿಂಡರು, ಕಪಾಟು ನೋಡಿ, ಹಿಂದಿನ ಸೀಟಿನ ಕೆಳಗೆ ಬಗ್ಗಿ ನೋಡಿ ಹೊರಟಳು. ಹಾಗಾಗಿ ಶಾಲೆಗೆ ನಾವೇ ಕೊನೆಗೆ ತಲುಪಿದ್ದು. ಅಂಗಳ ತುಂಬಿತ್ತು, ನಮ್ಮ ಗಾಡಿ ಗೇಟಿನ ಬಾಯಲ್ಲೇ ನಿಂತಿತು.

ನಮ್ಮ ಕ್ಯಾಂಪಿನವರಿಗೆಂದು ಒಂದು ತರಗತಿ ಕೊಟ್ಟಿದ್ದರು. ಸಣ್ಣ ಮಕ್ಕಳ ಬೆಂಚಿನ ಮೇಲೆ ದೊಡ್ಡವರೆಲ್ಲ ಮೊಣಕಾಲು ಗಲ್ಲಕ್ಕೆ ತಾಗಿಸಿಕೊಂಡು ಕೂತಿದ್ದರು. ಕಪ್ಪು ಹಲಗೆಯ ಮೇಲೆ ಯಾವುದೋ ಭಾಗಾಕಾರ ಅರ್ಧಕ್ಕೆ ನಿಂತಿತ್ತು. ಅಕ್ಕ ಒಳಗೆ ಕಾಲಿಟ್ಟವಳೇ ಬಾಗಿಲಲ್ಲಿ ನಿಂತು ಎಣಿಸಿದಳು. ಮತ್ತೆ ಎಣಿಸಿದಳು. ಮೂರನೆಯ ಸಲ ಪ್ರತಿಯೊಬ್ಬರ ತಲೆ ಮುಟ್ಟಿ ಎಣಿಸಿದಳು, ಬೊಕ್ಕತಲೆ ಬಿಳಿತಲೆ ಎನ್ನದೆ.

"ಮೂವತ್ತೇಳು. ಒಂದು ಕಮ್ಮಿ ಇದೆ."

ಮೇಲ್ವಿಚಾರಕ ಪಟ್ಟಿ ತೆಗೆದ. "ಅಮ್ಮಾ, ಹನ್ನೆರಡು ಗಾಡಿ ಹೊರಟವು, ಹನ್ನೆರಡೂ ಬಂದಿವೆ. ಎಲ್ಲ ಸರಿಯಾಗಿದೆ."

"ಗಾಡಿ ಎಣಿಸಿದ್ದೀರಿ. ತಲೆ ಎಣಿಸಿಲ್ಲ."

ಕೆಲವರು ನಕ್ಕರು. ನನಗೆ ಅವಮಾನವಾಗಿ ಅವಳ ಸೆರಗು ಎಳೆದೆ. ಅವಳು ನನ್ನ ಕೈ ಕೊಡವಿ, ಕೋಣೆಯ ಎರಡು ಮೂಲೆಗಳಲ್ಲಿ ಬೆನ್ನು ತಿರುಗಿಸಿ ಕೂತಿದ್ದ ಅಣ್ಣತಮ್ಮಂದಿರನ್ನು ನೋಡಿದಳು.

"ನಿಮ್ಮ ತಾಯಿ ಎಲ್ಲಿ?"

"ತಮ್ಮನ ಗಾಡಿಯಲ್ಲಿ ಮಲಗಿದ್ದಾರೆ" ಎಂದ ಅಣ್ಣ.

"ನನ್ನ ಗಾಡಿಯಲ್ಲಾ? ಅಮ್ಮ ಬಂದಿದ್ದು ನಿನ್ನ ಜೊತೆಗಲ್ವಾ?" ಎಂದ ತಮ್ಮ.

ಹಿರಿಸೊಸೆ ಅಳಲು ಶುರುಮಾಡಿದಳು. ಬೆಳಿಗ್ಗೆ ಅಜ್ಜಿ ಬಟ್ಟೆ ಒಗೆಯುವ ಕೋಣೆಗೆ ಹೋಗಿದ್ದು ಅವಳಿಗೆ ಆಗ ನೆನಪಾಯಿತು. ಮೇಲ್ವಿಚಾರಕ ರಕ್ಷಣಾ ತಂಡಕ್ಕೆ ಫೋನು ಹಚ್ಚಿದ. ಅವರು ಹೊಳೆಯ ಆಚೆ ಇದ್ದರು, ಸೇತುವೆ ತೆರೆಯುವವರೆಗೆ ಬರಲಾಗದು ಎಂದರು. ಅಂಗಳದಲ್ಲಿ ಗಾಡಿಗಳೆಲ್ಲ ಒಂದರ ಹಿಂದೆ ಒಂದು ಸಿಕ್ಕಿಕೊಂಡಿದ್ದವು. ಹೊರಗೆ ಬರುವಂತಿದ್ದದ್ದು ಗೇಟಿನ ಬಾಯಲ್ಲಿದ್ದ ನಮ್ಮದೊಂದೇ.

ಅಕ್ಕ ಮಳೆಕೋಟಿನ ಗುಂಡಿ ಹಾಕಿಕೊಳ್ಳುತ್ತಿದ್ದಳು.

ಅವಳ ಮುಖ ನೋಡಿದಾಗ, ಹಳೆಯ ಒಂದು ದಿನವನ್ನು ನೆನೆಯುತ್ತಿದ್ದಾಳೆ ಎಂದು ನನಗೆ ಗೊತ್ತಾಯಿತು. ಲೋಕದಲ್ಲಿ ಇಬ್ಬರಿಗೆ ಮಾತ್ರ ಗೊತ್ತಿದ್ದ ವಿಷಯ ಅದು, ಅವಳಿಗೆ ಮತ್ತು ನನಗೆ. ಭಾವ ತೀರಿಕೊಂಡು ವರ್ಷವಾಗಿತ್ತು, ಅಕ್ಕ ಬಸ್ಸಿನ ಕೆಲಸಕ್ಕೆ ಸೇರಿ ಮೂರು ತಿಂಗಳು. ಮಗನಿಗೆ ಐದು ವರ್ಷ. ಅವನನ್ನೂ ಆಗಿನ ಆ ಬಸ್ಸಿನಲ್ಲೇ ಕರೆದುಕೊಂಡು ಹೋಗುತ್ತಿದ್ದಳು, ಹಿಂದಿನ ಉದ್ದ ಸೀಟು ಅವನದು. ಒಂದು ಮಧ್ಯಾಹ್ನ ಊರಿನ ಮಕ್ಕಳನ್ನೆಲ್ಲ ಅವರವರ ಬಾಗಿಲಿಗೆ ಇಳಿಸಿ, ಬಸ್ಸನ್ನು ಶೆಡ್ಡಿನಲ್ಲಿ ನಿಲ್ಲಿಸಿ ಬೀಗ ಹಾಕಿ, ಸಂತೆಗೆ ಹೋಗಿ ತರಕಾರಿ ಕೊಂಡು ಮನೆಗೆ ಬಂದಳು. ನಾನು ಬಾಗಿಲು ತೆಗೆದು "ಮಗು ಎಲ್ಲಿ?" ಎಂದೆ. ಅವಳ ಕೈಯಿಂದ ಚೀಲ ಬಿತ್ತು. ನಾವಿಬ್ಬರೂ ಶೆಡ್ಡಿಗೆ ಓಡಿದೆವು. ಒಂದೂವರೆ ಗಂಟೆಯಾಗಿತ್ತು. ಮಗು ಹಿಂದಿನ ಸೀಟಿನಲ್ಲಿ ಮುದುಡಿ ಮಲಗಿ ನಿದ್ದೆ ಮಾಡುತ್ತಿತ್ತು. ಏನೂ ಆಗಿರಲಿಲ್ಲ. ಯಾರಿಗೂ ಹೇಳಬೇಡ ಎಂದು ಅಕ್ಕ ನನ್ನ ಕೈ ಹಿಡಿದು ಆಣೆ ಮಾಡಿಸಿಕೊಂಡಳು. ಮರುದಿನದಿಂದ "ಖಾಲಿ" ಎನ್ನುವ ಚಾಳಿ ಶುರುವಾಯಿತು.

ಗೇಟಿನ ಹತ್ತಿರ ನಾನು ಅವಳನ್ನು ತಡೆದೆ. "ಅಕ್ಕಾ, ಭಾಷೆ ಕೊಟ್ಟಿದ್ದೀಯ. ಹಿಂದಕ್ಕೆ ತಿರುಗಿಸಿದ್ರೆ ಗಾಡಿ ಹೋಯ್ತು."

"ಹೋಗ್ಲಿ ಬಿಡೇ."

ಅಷ್ಟೇ ಅಂದಳು. ಎರಡು ವರ್ಷ ಕಣ್ಣಲ್ಲಿ ಕಣ್ಣಿಟ್ಟು ಕಟ್ಟಿಸಿದ ಗಾಡಿಯನ್ನು ಎರಡು ಮಾತಿನಲ್ಲಿ ಬಿಟ್ಟುಕೊಟ್ಟಳು. ನನಗೆ ಹೆಮ್ಮೆ ಮತ್ತು ಸಿಟ್ಟು ಒಟ್ಟಿಗೇ ಬಂದವು, ಹತ್ತಿ ಕೂತೆ. ಅಣ್ಣತಮ್ಮಂದಿರೂ ಹತ್ತಿದರು. ಹಿಂದಿನ ಸೀಟಿನಲ್ಲಿ ಕೂತವರೇ "ನೀನು ನೋಡಬೇಕಿತ್ತು", "ನೀನು ಹೇಳಬೇಕಿತ್ತು" ಎಂದು ಶುರುವಿಟ್ಟರು. ಅಕ್ಕ ಮೇಲಿನ ಕನ್ನಡಿಯಲ್ಲಿ ನೋಡಿದಳು.

"ಹಿಂದಿನ ಸೀಟಿನವರು! ಜಗಳ ಇಳಿದ ಮೇಲೆ. ಕೈ ಕಟ್ಟಿ ಕೂತ್ಕೊಳ್ಳಿ."

ಐವತ್ತು ದಾಟಿದ ಇಬ್ಬರು ಗಂಡಸರು ತೆಪ್ಪಗೆ ಕೈ ಕಟ್ಟಿ ಕೂತರು.

ಗಾಡಿ ತಿರುಗಿ ಅರ್ಧ ಕಿಲೋಮೀಟರೂ ಆಗಿರಲಿಲ್ಲ, ನನ್ನ ಫೋನು ಹೊಡೆದುಕೊಂಡಿತು. "ಚಿಕ್ಕಮ್ಮ! ಚುಕ್ಕೆ ಹಿಂದಕ್ಕೆ ಹೋಗ್ತಿದೆ! ಅಮ್ಮ ತಿರುಗಿಸಿದ್ಲಾ?"

"ತಿರುಗಿಸಿದಳು ಕಣೋ. ಕ್ಯಾಂಪಿನಲ್ಲಿ ಒಬ್ಬ ಅಜ್ಜೀನ ಬಿಟ್ಟು ಬಂದಿದ್ದಾರೆ, ಅವರನ್ನ ಕರೆದುಕೊಂಡು ಬರೋಕೆ..." ಅಷ್ಟರಲ್ಲಿ ಲೈನು ಕಡಿಯಿತು. ಆಮೇಲೆ ಎರಡು ದಿನ ಬರಲಿಲ್ಲ.

ಮರಗಳ ಸಾಲು ಇರುವಷ್ಟು ದೂರ ಗಾಡಿ ನೆಟ್ಟಗೆ ಹೋಗುತ್ತಿತ್ತು. ಮರಗಳ ನಡುವೆ ಬಯಲು ಬಂದಾಗ ಗಾಳಿ ಪಕ್ಕೆಗೆ ಗುದ್ದುತ್ತಿತ್ತು, ಡ್ರಮ್ಮಿನಲ್ಲಿ ನೀರು ದಡಬಡ ಎನ್ನುತ್ತಿತ್ತು. ಅಕ್ಕ ಪ್ರತಿ ಬಯಲಿಗೂ ಮುಂಚೆ ವೇಗ ಇಳಿಸಿ, ಗುದ್ದು ಬೀಳುವ ಮೊದಲೇ ಸ್ಟಿಯರಿಂಗನ್ನು ಒಂದಿಷ್ಟು ಸಮುದ್ರದ ಕಡೆಗೆ ಹಿಡಿಯುತ್ತಿದ್ದಳು. ಒಂದು ಕಡೆ ರಸ್ತೆಯ ಮೇಲೆ ಮೊಣಕಾಲುದ್ದದ ನೀರು. ಶಾಲೆ ಬಸ್ಸಿನ ನೆಲ ಎತ್ತರ, ನಿಧಾನಕ್ಕೆ, ನಿಲ್ಲದೆ, ಒಂದೇ ಗೇರಿನಲ್ಲಿ ದಾಟಿಸಿದಳು. ನಾನು ಕಣ್ಣು ಮುಚ್ಚಿಕೊಂಡಿದ್ದೆ. ಅವಳು ಏನೋ ಗುನುಗುತ್ತಿದ್ದಳು.

ಬಟ್ಟೆ ಒಗೆಯುವ ಕೋಣೆ ಸಮುದ್ರಕ್ಕೆ ಮುಖ ಮಾಡಿತ್ತು. ಪಕ್ಕಕ್ಕೆ ಸರಿಸುವ ತಗಡಿನ ಬಾಗಿಲು. ಅಣ್ಣತಮ್ಮಂದಿರು ಇಳಿದು ಎಳೆದರು. ಗಾಳಿ ಅದನ್ನು ಚೌಕಟ್ಟಿಗೆ ಒತ್ತಿ ಹಿಡಿದಿತ್ತು, ಅಲ್ಲಾಡಲಿಲ್ಲ. ನಿಲ್ಲಲಿಕ್ಕೇ ಅವರಿಗೆ ಆಗುತ್ತಿರಲಿಲ್ಲ.

ಅಕ್ಕ ಕಿಟಕಿಯಿಂದ ಕಿರುಚಿದಳು: "ಪಕ್ಕಕ್ಕೆ ಬನ್ನಿ! ಗಾಡೀನ ಗೋಡೆಗೆ ಒತ್ತಿ ನಿಲ್ಲಿಸ್ತೀನಿ. ಗಾಳಿ ಗಾಡಿಗೆ ಬಡೀಲಿ."

ಹಾಗೆ ನಿಲ್ಲಿಸಬೇಕಾದರೆ ರಿವರ್ಸಿನಲ್ಲೇ ಬರಬೇಕಿತ್ತು. ನನಗೆ ನಾಲ್ಕು ಇಟ್ಟಿಗೆ ಕಣ್ಣ ಮುಂದೆ ಬಂದವು. ಅವಳು ಎರಡೂ ಕನ್ನಡಿ ನೋಡಿ, ಒಮ್ಮೆ ಹಿಂದೆ, ಒಮ್ಮೆ ಒಂದಿಷ್ಟು ಮುಂದೆ, ಮತ್ತೆ ಹಿಂದೆ. ಗಾಡಿ ನಿಂತಾಗ ಅದಕ್ಕೂ ಗೋಡೆಗೂ ನಡುವೆ ಎರಡು ಗೇಣು ಜಾಗ, ನಮ್ಮ ಮಡಚುವ ಬಾಗಿಲು ಸರಿಯಾಗಿ ಆ ತಗಡಿನ ಬಾಗಿಲಿನ ಎದುರು. ದರ್ಜಿಯ ಕಣ್ಣಿನಿಂದ ಹೇಳುತ್ತೇನೆ, ಟೇಪು ಹಿಡಿದು ಅಳೆದರೂ ಅಷ್ಟು ನೇರ ಬರುತ್ತಿರಲಿಲ್ಲ. ಗಾಳಿ ಗಾಡಿಗೆ ಬಡಿಯತೊಡಗಿತು, ತಗಡಿನ ಬಾಗಿಲು ಸಡಿಲವಾಯಿತು. ಅಣ್ಣತಮ್ಮಂದಿರು ಒಟ್ಟಿಗೆ ಎಳೆದರೆ ಸರ್ರನೆ ಸರಿಯಿತು.

ಒಳಗೆ ಅಜ್ಜಿ ಸ್ಟೂಲಿನ ಮೇಲೆ ಕೂತು ಮಡಿಲಲ್ಲಿ ಟವೆಲುಗಳನ್ನು ಮಡಚಿಟ್ಟುಕೊಂಡಿದ್ದರು. ಮಕ್ಕಳನ್ನು ನೋಡಿ, "ಇನ್ನೂ ಎರಡು ಒಣಗಿಲ್ಲ" ಎಂದರು.

ಇಬ್ಬರು ಮಕ್ಕಳೂ ತಾಯಿಯನ್ನು ಎತ್ತಿ ಮಂಚದ ಮೇಲೆ ಕೂರಿಸಿದರು. ತಮ್ಮ ಅಳುತ್ತಿದ್ದ, ಅಣ್ಣ ತನ್ನ ಕೋಟು ತೆಗೆದು ತಮ್ಮನ ಹೆಗಲಿಗೆ ಹಾಕಿದ. ಅಕ್ಕ ಎದ್ದು ಹಿಂದಿನವರೆಗೆ ನಡೆದಳು. ಪ್ರತಿ ತಲೆ ಮುಟ್ಟಿದಳು. "ಐದು" ಎಂದಳು. ಆ ಗಾಳಿಯಲ್ಲಿ, ಆ ಅವಸರದಲ್ಲಿ, ಅದನ್ನು ಬಿಡಲಿಲ್ಲ.

ಶಾಲೆಗೆ ವಾಪಸ್ಸು ಬಂದಾಗ ತರಗತಿಯಲ್ಲಿ ಕೂತಿದ್ದವರೆಲ್ಲ ಎದ್ದು ನಿಂತು ಬೆಂಚು ಬಡಿದರು. ಮೇಲ್ವಿಚಾರಕ ಪಟ್ಟಿಯ ಹಿಂಬದಿಯಲ್ಲಿ ದೊಡ್ಡದಾಗಿ ಮೂವತ್ತೆಂಟು ಎಂದು ಬರೆದುಕೊಂಡ. ಬೆಳಿಗ್ಗೆ ನಕ್ಕಿದ್ದವನೊಬ್ಬ ನನ್ನಿಂದ ಅವಳ ಹೆಸರು ಕೇಳಿಕೊಂಡು ಬಂದು, "ಬಸ್ಸಮ್ಮ, ಇನ್ನೊಂದು ಸಲ ಎಣಿಸಿ" ಎಂದು ತಲೆ ಬಗ್ಗಿಸಿದ. ನಾನು ಹೊಟ್ಟೆ ಹುಣ್ಣಾಗುವಷ್ಟು ನಕ್ಕೆ, ನಗುತ್ತಲೇ ಅತ್ತುಬಿಟ್ಟೆ. ಚಂಡಮಾರುತ ಸಂಜೆ ಬಂತು, ಹಂಚುಗಳನ್ನು ಎಗರಿಸಿತು, ಹೋಯಿತು. ಮೂರನೆಯ ದಿನ ಸೇತುವೆ ತೆರೆದರು. ಅಕ್ಕ ಉತ್ತರಕ್ಕೆ ಹೊರಟಳು.

"ಹೇಗೂ ಸೋತಾಯ್ತಲ್ಲ ಅಕ್ಕಾ, ಇನ್ನು ಯಾಕೆ ಅಲ್ಲೀತನಕ?" ಎಂದೆ.

"ಕೀಲಿ ಕೊಡೋದು ಕೊಡ್ತೀನಿ. ತುದಿ ನೋಡಿ ಕೊಡ್ತೀನಿ."

ದಾರಿಯಲ್ಲಿ ಫೋನಿಗೆ ಜೀವ ಬಂತು. ಅಕ್ಕನ ಮಗನಿಗೆ ನಡೆದದ್ದನ್ನೆಲ್ಲ ಹೇಳಿದೆ. ಅವನು ಅಜ್ಜಿಯ ವಿಷಯವನ್ನು ಇನ್ನೊಮ್ಮೆ ಹೇಳಿಸಿಕೊಂಡು, "ದೀಪಸ್ತಂಭದ ಹತ್ತಿರ ಕಾಯ್ತಿರ್ತೀನಿ" ಎಂದ. ಕೀಲಿ ತೆಗೆದುಕೊಳ್ಳಲಿಕ್ಕೆ ಬರುತ್ತಿದ್ದಾನೆ ಎಂದು ಅಕ್ಕ ಅಂದುಕೊಂಡಳು. ನಾನೂ ಹಾಗೇ ಅಂದುಕೊಂಡು ಅವನ ಮೇಲೆ ಹಲ್ಲು ಕಡಿದೆ.

ಹನ್ನೊಂದನೆಯ ದಿನ ಬೆಳಿಗ್ಗೆ ರಸ್ತೆ ಮುಗಿಯಿತು. ಬಿಳಿ ದೀಪಸ್ತಂಭ, ಅದರ ಮುಂದೆ ಕಲ್ಲಿನ ಕಟ್ಟೆ, ಆಚೆಗೆ ಬರೀ ನೀರು. ಕಟ್ಟೆಯ ಮೇಲೆ ಅವನು ಕೂತಿದ್ದ, ಬ್ಯಾಗು ಹೆಗಲಿಗೆ ಹಾಕಿಕೊಂಡು. ಅಕ್ಕ ಎಂಜಿನ್ ಆರಿಸಿದಳು. ಹಿಂದಿನವರೆಗೆ ನಡೆದಳು, ಬಗ್ಗಿ ನೋಡಿದಳು, "ಖಾಲಿ" ಎಂದಳು. ಇಳಿದು ಮಗನ ಮುಂದೆ ಕೀಲಿ ಚಾಚಿದಳು.

"ತಗೋ. ತಿರುಗಿಸಿದ್ದೆ."

ಅವನು ಕೀಲಿ ಮುಟ್ಟಲಿಲ್ಲ. ಅವಳನ್ನು ದಾಟಿ ಗಾಡಿ ಹತ್ತಿ, ಸೀದಾ ಹಿಂದಕ್ಕೆ ಹೋಗಿ, ನನ್ನ ಕಂಬಳಿ ಪಕ್ಕಕ್ಕೆ ಸರಿಸಿ ಉದ್ದ ಸೀಟಿನಲ್ಲಿ ಕೂತ. ನಾವಿಬ್ಬರೂ ಅವನ ಹಿಂದೆಯೇ ಹತ್ತಿದೆವು.

"ಅಮ್ಮ, ಆವತ್ತು ಶೆಡ್ಡಿನಲ್ಲಿ ನಾನು ನಿದ್ದೆ ಮಾಡ್ತಿರಲಿಲ್ಲ."

ಅಕ್ಕ ಮಂಚದ ಅಂಚು ಹಿಡಿದುಕೊಂಡಳು. ನಾನು ಹೇಳಿಲ್ಲ ಎಂದು ತಲೆಯಲ್ಲಾಡಿಸಿದೆ, ಆಣೆಗೂ ಹೇಳಿರಲಿಲ್ಲ.

"ಎದ್ದು ನೋಡಿದ್ರೆ ಬಸ್ಸಿನಲ್ಲಿ ಯಾರೂ ಇಲ್ಲ. ಅಮ್ಮ ಬರ್ತಾಳೆ ಅಂತ ಗೊತ್ತಿತ್ತು. ನಿನ್ನ ಸೀಟಲ್ಲಿ ಕೂತು ಬಸ್ ಓಡಿಸ್ತಿದ್ದೆ. ಬೀಗದ ಸದ್ದು ಕೇಳ್ತು. ಸ್ಟಿಯರಿಂಗ್ ಮುಟ್ಟಿದ್ರೆ ಬೆನ್ನು ಮುರೀತೀನಿ ಅಂತ ಹೇಳಿದ್ದೆಯಲ್ಲ, ಓಡಿ ಬಂದು ಇಂಥದೇ ಸೀಟಲ್ಲಿ ಮಲಗಿ ಕಣ್ಣು ಮುಚ್ಚಿಕೊಂಡೆ. ನೀನು ನನ್ನ ಅಪ್ಪಿಕೊಂಡು ಅಳ್ತಿದ್ದೆ. ಸ್ಟಿಯರಿಂಗ್ ಮುಟ್ಟಿದ್ದು ಗೊತ್ತಾಗಿ ಅಳ್ತಿದ್ದೀಯ ಅಂದುಕೊಂಡೆ. ಹೆದರಿ ಹೇಳಲೇ ಇಲ್ಲ. ಚಿಕ್ಕಮ್ಮ ಆ ಅಜ್ಜಿ ವಿಷಯ ಹೇಳಿದಾಗ್ಲೇ ನಿನ್ನ ಅಳು ಯಾಕೆ ಅಂತ ಹೊಳೆದದ್ದು."

ಮೂವತ್ತೈದು ವರ್ಷ. ಅವಳು ಮಗನನ್ನು ಬಿಟ್ಟು ಬಂದೆನೆಂದು, ಅವನು ಸ್ಟಿಯರಿಂಗ್ ಮುಟ್ಟಿದೆನೆಂದು, ಇಬ್ಬರೂ ಒಬ್ಬರಿಗೊಬ್ಬರು ಬಾಯಿ ಬಿಡದೆ ಕೂತಿದ್ದರು. ಅಕ್ಕ ಅವನ ಪಕ್ಕ ಕುಸಿದು ಕೂತು ಅತ್ತಳು. ಅಳು ಎಲ್ಲಿ ನಗುವಾಯಿತೋ ನನಗೆ ತಿಳಿಯಲಿಲ್ಲ.

"ಎಷ್ಟು ದೂರ ಓಡಿಸಿದ್ದೆ?" ಎಂದು ಕೇಳಿದಳು, ಮೂಗು ಒರೆಸಿಕೊಳ್ಳುತ್ತಾ.

"ಸಮುದ್ರದ ತನಕ."

ಅವಳ ಅಂಗೈಯಲ್ಲಿದ್ದ ಕೀಲಿಯನ್ನು ಅವನು ಮತ್ತೆ ಅವಳ ಬೆರಳುಗಳಿಂದಲೇ ಮುಚ್ಚಿದ. "ಇದು ನಿನ್ನ ಹತ್ರಾನೇ ಇರ್ಲಿ. ಗಾಡಿ ಮಾರೋ ಮಾತು ಇನ್ನು ಎತ್ತಲ್ಲ. ವಾಪಸ್ ಹೋಗೋವಾಗ ಸ್ವಲ್ಪ ದೂರ ನಾನು ಓಡಿಸ್ಲಾ?"

ಅಕ್ಕ ಎದ್ದಳು. ಸೀರೆ ಸರಿಮಾಡಿಕೊಂಡಳು. ನನ್ನ ತಲೆ ಮುಟ್ಟಿ, ಅವನ ತಲೆ ಮುಟ್ಟಿ, ತನ್ನ ಎದೆ ಮುಟ್ಟಿಕೊಂಡು "ಮೂರು" ಎಂದಳು. ಮುಂದೆ ಹೋಗಿ ತನ್ನ ಸೀಟಿನಲ್ಲಿ ಕೂತು, ಮೇಲಿನ ಕನ್ನಡಿಯಲ್ಲಿ ಮಗನನ್ನು ನೋಡಿದಳು.

"ಸ್ಟಿಯರಿಂಗ್ ಮುಟ್ಟಿದ್ರೆ ಬೆನ್ನು ಮುರೀತೀನಿ" ಎಂದು ಗಾಡಿ ಚಾಲೂ ಮಾಡಿದಳು.